ಹಿರಿಯವಳ ಬೆರಳು

"ಈ ಕೋಣೇಲಿ ಯಾರ ಕೈ ನೋಡಿಯೂ ಹೊಟ್ಟೆ ಉರ್ಕೋಬೇಡ ಕಣಮ್ಮ. ಈ ಪ್ರೆಸ್ಸಿಗೆ ಯಾರೋ ಮಾಟ ಮಾಡ್ಸಿದಾರೆ, ಹೊಟ್ಟೆ ಉರ್ಕೊಂಡ್ರೆ ಆ ಕೈ ಜಜ್ಜಿಹೋಗತ್ತೆ," ಎಂದು ಅತ್ತೆ ಪಿಸುಗುಟ್ಟಿದಾಗ ಹೊಸ ಸೊಸೆಗೆ ನಗು ತಡೆಯಲಾಗಲಿಲ್ಲ. ಆರು ವರ್ಷ ಆಸ್ಪತ್ರೆಯಲ್ಲಿ ದುಡಿದ ಅವಳನ್ನು ಮನೆಯವರೆಲ್ಲ ನರ್ಸಮ್ಮ ಎಂದೇ ಕರೆಯುತ್ತಿದ್ದರು.

"ಮಾಟ ಅಲ್ಲ ಅತ್ತೆ, ಮೈಮರೆವು. ಕಣ್ಣೊಂದು ಕಡೆ, ಕೈಯೊಂದು ಕಡೆ ಇದ್ರೆ ಜಜ್ಜದೆ ಇನ್ನೇನಾಗತ್ತೆ?"

ಮನೆಯ ಕೆಳಗೇ ಪುಸ್ತಕ ಬೈಂಡಿಂಗ್ ಕೋಣೆ. ಕಿಟಕಿಯಿಲ್ಲ. ಹಳಸಿದ ಅಂಟಿನ ಹುಳಿ ವಾಸನೆ, ಕಾಗದದ ಧೂಳು, ನಡುವೆ ಹೊಲಿದ ಪುಸ್ತಕ ಒತ್ತುವ ಆಳೆತ್ತರದ ತಿರುಪಿನ ಪ್ರೆಸ್ಸು. ಅದರ ಕಬ್ಬಿಣದ ಹಲಗೆಯಡಿ ಹಗಲಲ್ಲೂ ಕತ್ತಲೆ ಮಡುಗಟ್ಟಿರುತ್ತಿತ್ತು.

ಅಲ್ಲಿ ಹಿರಿಯ ಸೊಸೆಯದೇ ರಾಜ್ಯ. ಅವಳ ನೀಳ ಬೆರಳುಗಳು ಹಾಳೆ ಹೊಲಿಯುವುದನ್ನು ನೋಡುತ್ತ ಗಿರಾಕಿಗಳು ಬಂದ ಕೆಲಸ ಮರೆಯುತ್ತಿದ್ದರು. ಊಟಕ್ಕೆ ಕೂತರೆ ಮಾವನದು ಅದೇ ಹಾಡು. ಒಂದು ದಿನ ನರ್ಸಮ್ಮನ ಗಂಡನೂ ನಕ್ಕ: "ಕೈ ಅಂದ್ರೆ ಅತ್ತಿಗೇದು. ನಿಂದು ಬರೀ ಡೆಟಾಲ್ ವಾಸನೆ." ನರ್ಸಮ್ಮ ತಟ್ಟೆ ಸರಿಸಿ ಎದ್ದಳು.

ಮರುದಿನ ಬಾಗಿಲಲ್ಲಿ ನಿಂತು ಆ ಬೆರಳುಗಳನ್ನೇ ನೋಡಿದಳು. ಎದೆಯಲ್ಲಿ ಕೆಂಡ. ಹಿರಿಯವಳು ಸೂಜಿಗೆಂದು ಪ್ರೆಸ್ಸಿನ ಪಕ್ಕದ ಮೇಜಿನ ಡ್ರಾಯರಿಗೆ ಕೈ ಹಾಕಿದಳು. ಡ್ರಾಯರು ತಾನಾಗಿ ಫಟ್ಟೆಂದು ಮುಚ್ಚಿಕೊಂಡಿತು.

ನರ್ಸಮ್ಮ ಓಡಿಬಂದು ಅವಳ ಜಜ್ಜಿದ ಕಿರುಬೆರಳನ್ನು ತಣ್ಣೀರಿಗೆ ಹಿಡಿದಳು, ಕೈಯನ್ನು ಎದೆಗಿಂತ ಮೇಲೆತ್ತಿಸಿದಳು. "ಉಗುರಿನಡಿ ರಕ್ತ ಕಟ್ಟಿದೆ ಅಕ್ಕ. ಚುಚ್ಚೋಕೆ ಹೋಗ್ಬೇಡ, ಡಾಕ್ಟರೇ ನೋಡ್ಲಿ." ಆ ರಾತ್ರಿ ಮಾವ ಮೊದಲ ಸಲ ಅವಳನ್ನು ಹೊಗಳಿದರು. ಅದು ಎಷ್ಟು ಸಿಹಿಯಾಗಿತ್ತೆಂದು ಅವಳಿಗೇ ನಾಚಿಕೆಯಾಯಿತು.

ಆದರೆ ಮೂರೇ ದಿನ. ಬ್ಯಾಂಡೇಜಿನ ಕೈಯಲ್ಲೇ ಹಿರಿಯವಳು ಹೊಲಿಯತೊಡಗಿದಳು. "ನಾಲ್ಕೇ ಬೆರಳಲ್ಲಿ ನೋಡ್ರೋ!" ಎಂದು ಮಾವ ಕಣ್ಣೊರೆಸಿಕೊಂಡರು.

ನರ್ಸಮ್ಮನ ಹೊಟ್ಟೆಯೊಳಗೆ ಏನೋ ಭಗ್ಗೆಂದಿತು.

ಹಿರಿಯವಳು ಹಲಗೆಯಡಿ ಪುಸ್ತಕ ಸರಿಸುತ್ತಿದ್ದಳು. ಪ್ರೆಸ್ಸಿನ ಹಿಡಿಯನ್ನು ಯಾರೂ ಮುಟ್ಟಿರಲಿಲ್ಲ. ಅದು ತಿರುಗಿತು.

"ಅಕ್ಕಾ, ಕೈ ತೆಗಿ!"

ಚೀತ್ಕಾರ. ಒಣಕಡ್ಡಿ ಮುರಿದಂಥ ಸದ್ದು. ನರ್ಸಮ್ಮ ಹಿಡಿಗೆ ಜೋತುಬಿದ್ದು ಹಿಂದಕ್ಕೆ ತಿರುಗಿಸಿದಳು. ಬಾವು ಬರುವ ಮೊದಲೇ ಉಂಗುರ ಬಿಡಿಸಿದಳು. ಶುದ್ಧ ಬಟ್ಟೆ ಒತ್ತಿ ಹಿಡಿದಳು. ಬೆರಳುಗಳ ತುದಿ ನೀಲಿಗಟ್ಟಿತ್ತು, ತಣ್ಣಗಿತ್ತು. "ಆಸ್ಪತ್ರೆಗೆ! ಈಗ್ಲೇ!" ಎಂದು ಕಿರುಚಿದಳು.

ಮೂರು ಬೆರಳು ಉಳಿಯಲಿಲ್ಲ.

ಎರಡು ತಿಂಗಳು ಕಳೆಯಿತು. ಪಶ್ಚಾತ್ತಾಪಕ್ಕೋ ಏನೋ, ನರ್ಸಮ್ಮ ಹೊಲಿಗೆ ಕಲಿತಿದ್ದಳು. ಈಗ ಮಾವನ ಬಾಯಲ್ಲಿ ಅವಳದೇ ಹೆಸರು. ಪ್ರೆಸ್ಸಿನ ಹತ್ತಿರ ಮಾತ್ರ ಅವಳು ಹೋಗುತ್ತಿರಲಿಲ್ಲ. ಆ ಮಧ್ಯಾಹ್ನ ಗಿರಾಕಿ ಹೊರಗೆ ಕಾಯುತ್ತಿದ್ದ. ಗಂಡಸರು ಯಾರೂ ಇರಲಿಲ್ಲ. ಕೋಣೆ ಖಾಲಿಯೆಂದುಕೊಂಡು, ಅವನ ಪುಸ್ತಕ ತೆಗೆಯಲು ಹಲಗೆಯಡಿ ಕೈ ಚಾಚಿದಳು.

"ನಿನ್ನ ಬೆರಳು ಎಷ್ಟು ಚೆಂದ ಕಣೇ."

ಮೂಲೆಯ ಸ್ಟೂಲಿನ ಮೇಲೆ ಹಿರಿಯವಳು. ಮೊಂಡುಗೈ ಮಡಿಲಲ್ಲಿ. ದೃಷ್ಟಿ ನರ್ಸಮ್ಮನ ಕೈಯ ಮೇಲೆ.

ನರ್ಸಮ್ಮ ಕೈ ಎಳೆದಳು. ಬರಲಿಲ್ಲ. ಒಳಗಿನ ಕತ್ತಲೆ ಮಣಿಕಟ್ಟನ್ನು ಹಿಡಿದಿತ್ತು. ತಣ್ಣಗೆ. ಬಿಗಿಯಾಗಿ.

"ನೋಡ್ಬೇಡ ಅಕ್ಕಾ! ದಮ್ಮಯ್ಯ, ಆ ಕಡೆ ತಿರುಗು!"

ಹಿರಿಯವಳ ಕೆನ್ನೆ ಮೇಲೆ ನೀರಿಳಿಯುತ್ತಿತ್ತು. "ನಾನು ನೋಡ್ತಾ ಇಲ್ಲ ಕಣೇ," ಅಂದಳು. "ಕಣ್ಣು ತಾನಾಗೇ ಹೋಗತ್ತೆ."

ತಿರುಪು ಕಿರುಗುಟ್ಟಿತು. ಹಲಗೆ ಇಳಿಯತೊಡಗಿತು.