ಕಾವಲಿನ ಕೃಷ್ಣಮೃಗದ ಸಾವು

ಕಿರುಗಾವಲು ಊರಿನಾಚೆಯ ಹುಲ್ಲುಗಾವಲಿನಲ್ಲಿ ಹಿಂಡಿನ ದೊಡ್ಡ ಗಂಡು ಕೃಷ್ಣಮೃಗ ಸತ್ತು ಬಿದ್ದಿತ್ತು. ಕೊರಳಲ್ಲಿ ಉರುಳು. ಅಲ್ಲಿ ಬೇಟೆಗೆ ಕಟ್ಟುನಿಟ್ಟಿನ ನಿಷೇಧವಿತ್ತು.

ಮಳವಳ್ಳಿಯಿಂದ ಸಬ್‌ಇನ್‌ಸ್ಪೆಕ್ಟರ್ ಮಹದೇವಯ್ಯ ಒಬ್ಬ ಕಾನ್‌ಸ್ಟೇಬಲ್ ಜೊತೆ ಬರುವಷ್ಟರಲ್ಲಿ ಕಾವಲುಗಾರ ಲಿಂಗಯ್ಯ ಒಬ್ಬನನ್ನು ಹಿಡಿದು ಜಾಲಿಮರಕ್ಕೆ ಕಟ್ಟಿಹಾಕಿದ್ದ. ಕಾವಲಿನ ಅಂಚಿನಲ್ಲೇ ಹೊಲವಿದ್ದ ಅಂಕಯ್ಯ.

“ಉರುಳು ನಿನ್ನದೇನಯ್ಯಾ?” ಎಂದು ಮಹದೇವಯ್ಯ ಕೇಳಿದರು.

“ನಂದೇ ಬುದ್ದಿ. ಕಡ್ಲೆಕಾಯಿಗೆ ಕಾಡಂದಿ ಬತ್ತವೆ ಅಂತ ಬೇಲೀಲಿ ಕಟ್ಟಿದ್ದೆ. ಇಲ್ಲಿಗೆ ಎಂಗೆ ಬಂತೋ ಕಾಣೆ.”

“ಸಿಕ್ಕಾಕೊಂಡೋರೆಲ್ಲ ಇಂಗೇ ಯೋಳದು,” ಎಂದ ಲಿಂಗಯ್ಯ.

“ಸುಮ್ಕಿರೋ ಲಿಂಗಯ್ಯ!” ಅಂಕಯ್ಯನ ಹೆಂಡತಿ ಚಿಕ್ಕಬೋರಮ್ಮ ಮುಂದೆ ಬಂದಳು. “ಇವ್ನು ಜೈಲಿಗೋದ್ರೆ ನಾನೂ ಮಕ್ಳೂ ಮಣ್ಣು ತಿನ್ನಾನಾ? ನೀನು ಕಣ್ಣಾರೆ ಕಂಡ್ಯಾ?”

“ಕಂಡವನು ನಾನು,” ಎಂದ ದೊಡ್ಡಸಿದ್ದಯ್ಯ. ಮದ್ದೂರಿನ ಅಕ್ಕಿ ಗಿರಣಿಯ ಮಾಲೀಕ. ಜಿಂಕೆ, ಹಕ್ಕಿ ನೋಡಲೆಂದು ಬಂದು ಮಳವಳ್ಳಿಯ ಮುಸಾಫಿರಖಾನೆಯಲ್ಲಿ ತಂಗಿದ್ದ. ಯುದ್ಧದಿಂದಾಗಿ ಪೆಟ್ರೋಲಿಗೆ ತತ್ವಾರ. ರಸ್ತೆಯಲ್ಲಿ ನಿಂತಿದ್ದ ಅವನ ಕಾರಿನ ಹಿಂಬದಿಗೂ, ಪೆಟ್ರೋಲಿನ ಬದಲು ಅದನ್ನು ಓಡಿಸುವ ಇದ್ದಿಲ ಗ್ಯಾಸಿನ ಉದ್ದನೆಯ ಕಬ್ಬಿಣದ ಒಲೆ ಅಂಟಿಕೊಂಡಿತ್ತು. “ನಿನ್ನೆ ಸಂಜೆ ಇವನು ಉರುಳು ಹಿಡಿದು ಹೋಗ್ತಿದ್ದ. ರಸ್ತೆಯಿಂದಲೇ ದುರ್ಬೀನಿನಲ್ಲಿ ನೋಡಿದೆ.”

ಮಹದೇವಯ್ಯ ಮೃಗದ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಎಡಪಕ್ಕೆಯ ಎಲುಬುಗಳು ಒಳಕ್ಕೆ ಕುಸಿದಿದ್ದವು. ಬಲಪಕ್ಕೆಯಲ್ಲಿ ಅಂಗೈಯಗಲ ಕೂದಲು ಮುರುಟಿತ್ತು.

“ಇದೇನು ಲಿಂಗಯ್ಯ?”

“ಗಂಡುಗಳು ಕಾದಾಡ್ತವಲ್ಲ ಬುದ್ದಿ. ಕೊಂಬು ತಾಕಿರೋ ಗಾಯ.”

ಮಹದೇವಯ್ಯ ಆ ಕೂದಲನ್ನು ಉಜ್ಜಿ ಬೆರಳು ಮೂಸಿದರು.

“ಈಚೆಗೆ ಇಲ್ಲಿ ಹುಲ್ಲಿಗೆ ಬೆಂಕಿ ಬಿದ್ದಿತ್ತೆ?”

“ಇಲ್ಲ ಬುದ್ದಿ. ಹಸೀ ಹುಲ್ಲು ಎಲ್ಲಿ ಉರೀತದೆ?”

ಅವರು ದೊಡ್ಡಸಿದ್ದಯ್ಯನತ್ತ ತಿರುಗಿದರು. “ನೀವು ಇದನ್ನು ಮುಟ್ಟಿದಿರಾ?”

“ಹತ್ತಿರಕ್ಕೂ ಹೋಗಿಲ್ಲ.”

“ಕಾರು ರಸ್ತೆ ಬಿಟ್ಟು ಇಳಿದಿತ್ತೆ?”

“ಇಲ್ಲವೇ ಇಲ್ಲ!”

ಮಹದೇವಯ್ಯ ಎದ್ದು ನೇರ ಕಾರಿನ ಹಿಂದಕ್ಕೆ ಹೋದರು. ಒಲೆಯ ಮೈಯಿಂದ ಏನನ್ನೋ ಉಗುರಿನಲ್ಲಿ ಕೆರೆದು ತಂದು ಅಂಗೈ ಚಾಚಿದರು — ಕರಕಲಾದ ಕಪ್ಪು ಕೂದಲು.

“ಉರುಳಿಗೆ ಬಿದ್ದ ಮೃಗ ಒದ್ದಾಡದೆ ಸಾಯುತ್ತದೆಯೆ? ಸುತ್ತ ನೋಡಿ, ಒಂದು ಎಸಳು ಹುಲ್ಲೂ ಮುರಿದಿಲ್ಲ. ಅಂದರೆ ಸತ್ತ ಮೇಲೆ ಉರುಳು ತೊಡಿಸಿದ್ದಾರೆ. ಪಕ್ಕೆ ಮುರಿದದ್ದು ಕಾರಿನ ಹೊಡೆತಕ್ಕೆ. ಕೊಂಬು, ಚರ್ಮದ ಆಸೆಗೆ ಅದನ್ನು ಕಾರಿನ ಹಿಂದೆ ಕಟ್ಟಿದಿರಿ. ಕಾದ ಒಲೆ ತಗುಲಿ ಪಕ್ಕೆ ಸುಟ್ಟಿತು. ಎಲ್ಲರೂ ಕೊರಳಿನ ಉರುಳು ನೋಡಿದರು, ಸುಟ್ಟ ಪಕ್ಕೆಯನ್ನು ಯಾರೂ ನೋಡಲಿಲ್ಲ. ಮತ್ತೆ ಇಲ್ಲೇಕೆ ಇಳಿಸಿದಿರಿ, ದೊಡ್ಡಸಿದ್ದಯ್ಯನವರೇ? ರಾತ್ರಿ ಗಸ್ತಿಗೆ ಬಂದ ಲಿಂಗಯ್ಯನ ಲಾಟೀನು ಕಂಡಿತೆ?”

ದೊಡ್ಡಸಿದ್ದಯ್ಯನ ಮುಖ ಬಿಳಿಚಿಕೊಂಡಿತು. “ಹಿಂಡಿನ ಜೊತೆ ಕಾರು ಓಡಿಸ್ತಿದ್ದೆ ಸ್ವಾಮಿ, ಬರೀ ಮೋಜಿಗೆ. ಎಲ್ಲ ದಾಟಿದವು ಅಂದ್ಕೊಂಡೆ. ಇದೊಂದು ಅಡ್ಡ ಬಂತು...”

“ಅಂಕಯ್ಯನ ಬೇಲಿಯಲ್ಲಿದ್ದ ಉರುಳೂ ತಾನಾಗಿ ಅಡ್ಡ ಬಂತೆ?”

ಕಾನ್‌ಸ್ಟೇಬಲ್ ದೊಡ್ಡಸಿದ್ದಯ್ಯನ ರಟ್ಟೆ ಹಿಡಿದ.

ಲಿಂಗಯ್ಯ ಹಗ್ಗ ಬಿಚ್ಚಲು ಜಾಲಿಮರದ ಬಳಿ ಹೋದ. ಚಿಕ್ಕಬೋರಮ್ಮ ಅವನ ಕೈಯನ್ನು ಆಚೆ ತಳ್ಳಿದಳು.

“ಬುಡು, ನೀನು ಮುಟ್ಬ್ಯಾಡ,” ಎಂದು ತಾನೇ ಗಂಟಿಗೆ ಕೈಹಾಕಿದಳು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು.