ಹೆಬ್ಬೆರಳಿಗೆ ಕಾನೂನಿಲ್ಲ

ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು, ಕಿಸೆಯಲ್ಲಿ ಎರಡು ಪೆನ್ನು. ಬಾಗಿಲ ಮೇಲಿನ ಬೋರ್ಡನ್ನು ಒಂದಕ್ಷರ ಬಿಡದೆ ಓದುತ್ತ ನಿಂತಿದ್ದ ಆ ಮನುಷ್ಯನನ್ನು ಕಿಟಕಿಯಿಂದ ಕಂಡದ್ದೇ ತಡ, ಶೀತಲ ಗಾಬರಿಯಾಗಿ ಹಿಂದೆ ಸರಿದಳು.

"ಅತ್ತೀ, ಬಂದ್ರು ನೋಡು."

"ಯಾರ?"

"ಕೌನ್ಸಿಲ್‌ನವರು. ತಪಾಸಣಿಗೆ ಬಂದಾರ."

ಇಂದುಬಾಯಿ ಸುಲಿಯುತ್ತಿದ್ದ ಶೇಂಗಾ ಬುಟ್ಟಿಯನ್ನು ಕಾಲಿನಿಂದಲೇ ಮಂಚದ ಕೆಳಗೆ ತಳ್ಳಿದಳು. ಅವಳು ಶೀತಲಳ ಅಪ್ಪನ ಅಕ್ಕ. ಸೊಸೆ ಅಕ್ಕಲಕೋಟದ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದೆ ಎರಡು ಖೋಲಿ ಹಿಡಿದು ಅಕ್ಯುಪಂಕ್ಚರ್ ಕ್ಲಿನಿಕ್ ತೆರೆದಂದಿನಿಂದ ಅವಳ ಜತೆಗೇ ಇದ್ದಳು.

ಹೆದರುವಂಥದ್ದನ್ನು ಶೀತಲ ಏನೂ ಮಾಡಿರಲಿಲ್ಲ. ಆದರೆ ಕುಂಬಳಕಾಯಿ ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಅವಳದು. ಸರ್ಕಾರ ಸೂಜಿ ಚಿಕಿತ್ಸೆಗೆಂದೇ ಕಾನೂನು ಮಾಡಿದೆ, ಕೌನ್ಸಿಲ್‌ನಲ್ಲಿ ನೋಂದಣಿ ಆದವರೇ ಸೂಜಿ ಹಿಡಿಯಬೇಕು. ಅವಳು ಕೋರ್ಸು ಮುಗಿಸಿ ಅರ್ಜಿ ಹಾಕಿದ್ದಳು. ಅದು ಸರದಿಯಲ್ಲಿತ್ತು. ಇತ್ತ ಓಣಿಯ ಒಬ್ಬ ಹೆಂಗಸು ನೀರಿನ ಟ್ಯಾಂಕರಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ಬೋಗಸ್ ಡಾಕ್ಟರೀಣ" ಎಂದುಬಿಟ್ಟಿದ್ದಳು. ಆ ಒಂದು ಮಾತು ಶೀತಲಳ ಕರುಳಿಗೇ ನಾಟಿತ್ತು. ಇನ್ನೂ ಒಂದನ್ನೂ ಬಳಸಿರದ ಸೂಜಿಗಳನ್ನೆಲ್ಲ ಅಂದೇ ಕಪಾಟಿನಲ್ಲಿಟ್ಟು ಬೀಗ ಜಡಿದಳು. ನೋಂದಣಿ ಕೈಗೆ ಬರುವ ತನಕ ಬಂದವರಿಗೆಲ್ಲ ಬರೇ ಹೆಬ್ಬೆರಳಿನಿಂದ ಒತ್ತುವ ಉಪಚಾರ. "ಹೆಬ್ಬೆರಳಿಗೇನೂ ಕಾನೂನಿಲ್ಲಲ್ಲ" ಎನ್ನುತ್ತಿದ್ದಳು.

ಬಿಳಿ ಅಂಗಿಯವನು ಒಳಗೆ ಬಂದು ಗಂಟಲು ಸರಿಮಾಡಿಕೊಂಡ. "ಇಲ್ಲಿ ಸೂಜಿ ಹಾಕ್ತೀರೇನ್ರಿ?"

"ಇಲ್ರೀ ಸರ್! ಒಂದೂ ಹಾಕಿಲ್ರಿ. ಬರ್ರಿ, ನೀವೇ ನೋಡ್ರಿ."

ಅವನು ಬೇಡ ಎನ್ನುವಷ್ಟರಲ್ಲಿ ಕಪಾಟಿನ ಬೀಗ ತೆರೆದಿತ್ತು. ಸೀಲ್ ಒಡೆಯದ ಪೊಟ್ಟಣಗಳು, ಬಳಸಿದ ಸೂಜಿ ಹಾಕುವ ಖಾಲಿ ಡಬ್ಬಿ, ಸ್ಪಿರಿಟ್ಟು, ಹತ್ತಿ, ಎಲ್ಲವನ್ನೂ ತೋರಿಸಿದಳು. ಪರೀಕ್ಷೆಯಲ್ಲಿ ಪಾಸಾಗುವ ಹುರುಪಿನಲ್ಲಿ ಒಂದು ಪೊಟ್ಟಣವನ್ನು ಪರ್ರನೆ ಹರಿದು, ಸೂಜಿಯನ್ನು ಅವನ ಮೂಗಿನ ಮುಂದೆಯೇ ಹಿಡಿದಳು. "ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ರಿ. ನೋಡ್ರಿ, ಎಷ್ಟ ಸಣ್ಣದದ!"

ಸರ್ ನೋಡಿದರು. ಸರ್ ಬೆಳ್ಳಗಾದರು. ಫೈಲು ಒಂದು ಕಡೆ, ಸರ್ ಒಂದು ಕಡೆ ಬಿದ್ದರು.

ಇಂದುಬಾಯಿ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದಳು. ಕೆಳಗೆ ಚೆಲ್ಲಿದ್ದ ಕಾಗದಗಳನ್ನು ಶೀತಲ ಕೂಡಿಸತೊಡಗಿದಳು. ಎಲ್ಲವೂ ತಲೆಯ ಸ್ಕ್ಯಾನ್ ರಿಪೋರ್ಟು.

"ನೀವು... ಕೌನ್ಸಿಲ್‌ದಿಂದ ಬಂದಿಲ್ಲೇನ್ರಿ?"

ಅವನು ಕಣ್ಣು ಬಿಟ್ಟ. ಅಂಥ ದೊಡ್ಡ ಮನುಷ್ಯನಿಗೆ ಇಂಥ ಮಗುವಿನ ಕಣ್ಣೇ ಎಂದುಕೊಂಡಳು ಶೀತಲ.

"ಸೋಲಾಪುರದ ಹತ್ರ ಚಿಂಚೋಳಿ ಎಂಐಡಿಸಿ ಅದಲ್ರಿ, ಅಲ್ಲಿಂದ ಬಂದೀನ್ರಿ. ಟಾವೆಲ್ ಕಾರ್ಖಾನಿ. ಹೆಸರು ಧರ್ಮರಾಜ. ತಲಿನೋವು ಅದ. ಸೂಜಿ ಇಲ್ಲದ ಬರೇ ಕೈಲೆ ಒತ್ತತಾರಂತ ದೋಸ್ತ ಹೇಳಿದ, ಅದಕ್ಕ ಬಂದೆ. ಬೋರ್ಡಿನ ಮ್ಯಾಲ ಸೂಜಿ ಚಿತ್ರ ಇತ್ತಲ್ರಿ, ಅಂಜಿಕಿ ಬಂತು."

"ಸೂಜಿಗೆ ಅಂಜೋನು ಸೂಜಿ ದವಾಖಾನಿಗೆ ಬಂದಿ! ಏನಂಬೂದೋ ತಮ್ಮಾ ನಿನಗ?" ಎಂದು ಇಂದುಬಾಯಿ ಸೆರಗು ಬಾಯಿಗಿಟ್ಟುಕೊಂಡಳು. ಶೀತಲಳಿಗೂ ನಗು ತಡೆಯಲಾಗಲಿಲ್ಲ. ಹರಿದ ಪೊಟ್ಟಣದ ಸೂಜಿ ಇನ್ನು ಕೆಲಸಕ್ಕೆ ಬಾರದು. ಅದನ್ನು ಡಬ್ಬಿಗೆ ಹಾಕಿ, ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆತ್ತನೆಯ ಒಂದು ಜಾಗವಿದೆ. ತಲೆನೋವಿಗೆ ಅಲ್ಲಿ ಸೂಜಿ ಹಾಕಿದರೆ ಕ್ಷಣದ ಕೆಲಸ. ಹಾಕಿ, ಕೈಬಿಟ್ಟು, ಆಚೆ ಕೂತಿರಬಹುದು. ಬೆರಳಿನಿಂದಾದರೆ ಹಾಗಲ್ಲ. ಕೈಯನ್ನು ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಈ ಮಾತು ಆ ದಿನ ಇಬ್ಬರಿಗೂ ಹೊಳೆದಿರಲಿಲ್ಲ.

ಗುರುವಾರ ಅವನ ಕಾರ್ಖಾನೆಗೆ ಸೂಟಿ. ತನ್ನೂರು ಕುಂಭಾರಿಯಿಂದ ತಾಯಿ ಯಮುನಾಬಾಯಿಯನ್ನು ಗಾಡಿಯ ಮೇಲೆ ಕೂರಿಸಿಕೊಂಡು ಅಕ್ಕಲಕೋಟದ ಸ್ವಾಮಿ ಗುಡಿಗೆ ದರ್ಶನಕ್ಕೆ ಬರುತ್ತಿದ್ದ. ತಾಯಿ ಸಾಲಿನಲ್ಲಿ ನಿಂತರೆ ಮಗ ಇಲ್ಲಿ ಹಾಜರು. ಕುರ್ಚಿಯಲ್ಲಿ ಕೂತು ಮೊದಲು ಕಪಾಟಿನ ಬೀಗ ನೋಡುತ್ತಿದ್ದ, ಆಮೇಲೆ ಅವಳ ಮುಖ.

"ನೋಂದಣಿ ಬಂತೇನ್ರಿ ಡಾಕ್ಟರ್?"

"ಇಲ್ರಿ. ಡಾಕ್ಟರ್ ಅನ್ನಬ್ಯಾಡ್ರಿ."

"ಮತ್ತೇನನ್ಲಿ?"

"ಶೀತಲ ಅನ್ರಿ."

"ಆಗಲಿ ಶೀತಲ ಮ್ಯಾಡಂ."

"ಶೀತಲ ಅಂದ್ರ ಸಾಕ್ರಿ."

"ಕೈ ನಿಮ್ಮ ಹತ್ರ ಸಿಕ್ಕದ್ರಿ ಮ್ಯಾಡಂ. ಬಾಯಿ ತಪ್ಪಿದ್ರ ಜೋರ ಒತ್ತೀರಿ."

ಅವಳು ಬೇಕೆಂದೇ ಜೋರಾಗಿ ಒತ್ತಿದಳು. ಅವನು ಬೇಕೆಂದೇ "ಆಯಿ ಗಂ" ಎಂದು ಚೀರಿದ. ಶೇಂಗಾ ಸುಲಿಯುತ್ತ ಕೂತಿದ್ದ ಇಂದುಬಾಯಿಗೆ ಏನೂ ಕೇಳಿಸಲಿಲ್ಲ, ಏನೂ ಕಾಣಿಸಲಿಲ್ಲ. ಅಂಥ ಅತ್ತೆ ಎಲ್ಲರಿಗೂ ಸಿಗುವುದಿಲ್ಲ.

ಅವನು ವಾರಕ್ಕೊಂದು ನೆವ ತರುತ್ತಿದ್ದ. ಒಮ್ಮೆ ಕಾರ್ಖಾನೆಯ ಟಾವೆಲ್, "ಅಂಚಿನ್ಯಾಗ ಒಂದು ಎಳಿ ತಪ್ಯದ್ರಿ, ಮುಖ ಒರಸ್ಲಿಕ್ಕೆ ನಡೀತದ" ಎಂದು. ಒಮ್ಮೆ ತಾಯಿ ಕುಟ್ಟಿದ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಉಂಡೆ ಅಂಗೈಯಲ್ಲಿಟ್ಟು, "ತಿಳಗೂಳ ತಗೋರಿ. ಇವತ್ತೊಂದಿನ ಕಾನೂನು ಬಿಟ್ಟು ಸಿಹಿ ಮಾತಾಡ್ರಿ" ಎಂದ. ಶೀತಲ ಉಂಡೆ ಬಾಯಿಗೆ ಹಾಕಿಕೊಂಡು ಮಾತೇ ಆಡಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು, ಅವನು ಅದನ್ನೇ ನೋಡುತ್ತಿದ್ದ.

ನೋಂದಣಿ ಬಂತೇ ಎಂದು ಅವನು ಪ್ರತಿ ವಾರ ಕೇಳುವುದು ತನ್ನ ಮೇಲಿನ ಕಾಳಜಿಯಿಂದ ಎಂದು ಅವಳು ನಂಬಿದ್ದಳು. ಮನೆಯವರೇ ಕೇಳುವುದನ್ನು ಬಿಟ್ಟಿದ್ದರು. ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದವಳು ಒಂದು ದಿನ ಕೇಳಿಯೇಬಿಟ್ಟಳು. "ನನ್ನ ನೋಂದಣಿ ಬಂದ್ರ ನಿಮಗ ಅಷ್ಟ ಖುಷಿ ಆಗ್ತದೇನ್ರಿ?"

"ಖುಷಿ? ಅದು ಬಂದ ದಿನ ನಾ ಈ ರಸ್ತಾ ಬಿಟ್ಟೆ ತಿಳೀರಿ. ನೀವು ಕಪಾಟ ತಗೀತೀರಿ, ನಾ ಗಾಡಿಗೆ ಕಿಕ್ ಹೊಡೀತೀನಿ!"

ಇಬ್ಬರೂ ನಕ್ಕರು. ಅವನು ಹೋದ ಮೇಲೆ ಶೀತಲ ನಗಲಿಲ್ಲ. ಹಗಲಿರುಳು ಯಾವುದಕ್ಕೆ ದೇವರಲ್ಲಿ ಹರಕೆ ಹೊತ್ತಿದ್ದಳೋ ಅದೇ ಬಂದರೆ ಇವನು ಬರುವುದಿಲ್ಲ. ಇಂಥ ಪೇಚು ಯಾರಿಗೂ ಬೇಡ.

ಮಾಘ ಕಳೆಯುವಾಗ ಯಮುನಾಬಾಯಿಯ ಮೊಣಕಾಲು ಹಿಡಿಯಿತು. ಧರ್ಮರಾಜ ತಾಯಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದ. ಶೀತಲ ಒತ್ತಿದಳು, ಶಾಖ ಕೊಟ್ಟಳು. ನೋವು ಬಗ್ಗಲಿಲ್ಲ. ಅವನು ಅವಳನ್ನು ಬಾಗಿಲ ಹೊರಗೆ ಕರೆದ.

"ಅವ್ವಗ ಸೂಜಿ ಹಾಕ್ರಿ. ನಾ ಈ ಕಡಿ ನೋಡಂಗಿಲ್ಲ. ಯಾರಿಗೂ ಹೇಳಂಗಿಲ್ಲ."

"ಆಗೂದಿಲ್ರಿ."

"ಅಕಿ ನೋವು ನಿಮಗ ಕಾಣಂಗಿಲ್ಲೇನ್ರಿ? ಬರೇ ಕಾನೂನು, ಕಾನೂನು!"

"ಕಾಣ್ತದ್ರಿ. ಯಾರಿಗೂ ಗೊತ್ತಾಗೂದಿಲ್ಲ ಖರೆ. ನನಗ ಗೊತ್ತಿರ್ತದಲ್ರಿ? ಆವಾಗ ಆ ಹೆಂಗಸು ಬೋಗಸ್ ಅಂದಿದ್ದು ಖರೇನ ಆಗ್ತದ. ಸೋಲಾಪುರದಾಗ ನೋಂದಣಿ ಆದವರ ಹೆಸರು ಬರ್ದು ಕೊಡ್ತೀನಿ, ಅವ್ವನ್ನ ಅಲ್ಲಿ ಕರ್ಕೊಂಡು ಹೋಗ್ರಿ. ಇವತ್ತ ಹೋಗ್ರಿ."

ಅವನು ಚೀಟಿ ತೆಗೆದುಕೊಂಡು ಹೋದ. ಮುಂದಿನ ಗುರುವಾರ ಬರುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಬಂದ. ಕುರ್ಚಿಯಲ್ಲಿ ಕೂತ.

"ಅವ್ವ ಈಗ ಸ್ವಲ್ಪ ನಡದಾಡಾಕತ್ಯಾಳ್ರಿ. ಅವತ್ತ ನಾ ಹಂಗ ಅನಬಾರದಿತ್ತು. ನಿಮ್ಮ ನೋಂದಣಿ ಬರಲಿ. ಲಗೂನ ಬರಲಿ. ಸ್ವಾಮಿ ಮುಂದ ಕಾಯಿ ಒಡದು ಬಂದೀನಿ."

ತನ್ನನ್ನು ಓಡಿಸುವ ಕಾಗದಕ್ಕಾಗಿ ತಾನೇ ಕಾಯಿ ಒಡೆದವನ ಕೈಯನ್ನು ಹಿಡಿದುಕೊಂಡಾಗ ಶೀತಲಳಿಗೆ ಖಚಿತವಾಯಿತು. ಇದು ಬರೀ ಗುರುವಾರದ ಚಾಳಿಯಲ್ಲ. ಈ ಮನುಷ್ಯ ಅವಳಿಗೆ ಬೇಕಾಗಿದ್ದ.

ಯುಗಾದಿಯ ಹೊಸ್ತಿಲಲ್ಲಿ, ಬಿಸಿಲು ಡಾಂಬರು ಕರಗಿಸುವ ಹೊತ್ತಿನಲ್ಲಿ ನೋಂದಣಿ ಬಂತು. ಇಂದುಬಾಯಿ ಓಣಿಗೆಲ್ಲ ಪೇಢೆ ಹಂಚಿದಳು. ಟ್ಯಾಂಕರಿನ ಹೆಂಗಸಿಗೆ ಎರಡು ಹೆಚ್ಚೇ ಕೊಟ್ಟು ಬಂದಳು. ಶೀತಲ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತಂದಳು. ತಂದವಳು ಗೋಡೆಗೆ ಹಾಕದೆ ಮಂಚದ ಮೇಲಿಟ್ಟಳು. ನಾಳೆ ಗುರುವಾರ.

"ಮೊಳಿ ಹೊಡೀಲೇನ?" ಎಂದಳು ಇಂದುಬಾಯಿ.

"ಶುಕ್ರವಾರ ಹಾಕೂಣ ಅತ್ತೀ. ಒಂದು ದಿನದಾಗ ಏನಾಗ್ತದ?"

ಇಂದುಬಾಯಿ ಸೊಸೆಯ ಮುಖ ನೋಡಿದಳು. "ಬಾಳಾ, ಅವ ನಾಳಿ ಬಂತೇನ್ರಿ ಅಂತ ಕೇಳ್ತಾನ. ಇಲ್ಲ ಅಂತಿ? ಅವರವ್ವನ ಮೊಣಕಾಲಿನ ಮುಂದ ಹುಸಿ ಆಡಲಾರದಾಕಿ, ನಿನ್ನ ಸಲುವಾಗಿ ಆಡ್ತಿ?"

ಶೀತಲಳಿಗೆ ಅಳು ಬಂತು. ಅತ್ತಳು ಕೂಡ, ಟಾವೆಲ್ಲಿನಲ್ಲಿ ಮುಖ ಒರೆಸಿಕೊಂಡಳು, ಎಳೆ ತಪ್ಪಿದ ಅದೇ ಟಾವೆಲ್ಲು. ಆಮೇಲೆ ಎದ್ದು ತಾನೇ ಮೊಳೆ ಹೊಡೆದಳು, ಬಾಗಿಲಿಗೆ ನೇರವಾಗಿ, ಒಳಗೆ ಬಂದವರಿಗೆ ಮೊದಲು ಕಾಣುವ ಜಾಗದಲ್ಲಿ.

ಮರುದಿನ ತಾಯಿ, ಮಗ ಕೂಡಿಯೇ ಬಂದರು. ಧರ್ಮರಾಜ ಹೊಸ್ತಿಲಲ್ಲೇ ನಿಂತು ಗೋಡೆ ನೋಡಿದ. ಕಟ್ಟಿನೊಳಗಿನ ಕಾಗದವನ್ನು ಒಂದಕ್ಷರ ಬಿಡದೆ ಓದಿದ. ಯಮುನಾಬಾಯಿ, "ಇನ್ನ ಸೋಲಾಪುರಕ್ಕ ಬ್ಯಾರೆ ತಿರಗೂದು ತಪ್ಪಿತು, ತಾಯೀ. ನೀನ ಹಾಕು," ಎಂದು ಕಾಲು ಚಾಚಿದಳು. ಶೀತಲ ಆ ಊರಿನಲ್ಲಿ ಹಾಕಿದ ಮೊದಲ ಸೂಜಿ ಅದು. ಮಗ ಹೊರಗೆ ನಿಂತು ಗೋಡೆಯ ಕಡೆ ಮುಖ ಮಾಡಿದ್ದ. ಮುಗಿದ ಮೇಲೆ ಇಂದುಬಾಯಿ, "ನಡೀರಿ ಬಾಯೀ, ದರ್ಶನ ಮುಗಿಸಿ ಬರೂಣು. ಇಲ್ಲಿ ಭಾಳ ಶಕಿ ಅದ," ಎಂದು ಯಮುನಾಬಾಯಿಯನ್ನು ಮೆಲ್ಲಗೆ ಹೊರಡಿಸಿಕೊಂಡು ಹೋದಳು.

ಕಿಕ್ ಹೊಡೆಯುವ ಸದ್ದಿಗಾಗಿ ಶೀತಲ ಕಿವಿಗೊಟ್ಟು ನಿಂತಳು. ಧರ್ಮರಾಜ ಒಳಗೆ ಬಂದ. ಕುರ್ಚಿಯಲ್ಲಿ ಕೂತ. ಅಂಗಿಯ ತೋಳು ಮಡಚಿ ಕೈ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಹಾಕ್ರಿ."

"ಗಾಡಿಗೆ ಕಿಕ್ ಹೊಡೀಲಿಲ್ಲೇನ್ರಿ?"

"ಮಾತಾಡಬ್ಯಾಡ್ರಿ, ಧೈರ್ಯ ಹೋಗ್ತದ. ಲಗೂನ ಹಾಕ್ರಿ."

ಅವಳು ಪೊಟ್ಟಣ ಹರಿದಳು. ಆ ಸದ್ದಿಗೇ ಅವನ ಭುಜ ಜಿಗಿಯಿತು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಆ ಮೆತ್ತನೆಯ ಜಾಗ ಒರೆಸಿದಳು. ಸೂಜಿ ಹಿಡಿದ ಕೈ ಅಲ್ಲೇ ನಿಂತಿತು.

"ಹಾಕೂಕಿಂತ ಮೊದಲ ಕೇಳಬೇಕ್ರಿ. ತಲಿನೋವು ಈಗ ಹ್ಯಾಂಗದ?"

ಅವನು ಕಣ್ಣನ್ನು ಇನ್ನಷ್ಟು ಬಿಗಿದ.

"ಖರೇ ಹೇಳ್ರಿ. ಬ್ಯಾನಿ ಇಲ್ಲದವರಿಗೆ ನಾ ಸೂಜಿ ಹಾಕಂಗಿಲ್ಲ."

"ಇಲ್ರಿ."

"ಏನಿಲ್ಲ?"

"ತಲಿನೋವು. ಸಂಕ್ರಾಂತಿಗೂ ಮೊದಲ ಹೋಗ್ಯದ." ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಮತ್ತ ಯಾಕ ಬರ್ತಿದ್ರಿ?"

"ನೀವು ಕೈ ಹಿಡೀತಿದ್ರಲ್ರಿ."

ಹೊರಗೆ ಬಸ್ಸೊಂದು ಹೊರಟಿತು. ಕಂಡಕ್ಟರ್ ದುಧನಿ, ದುಧನಿ ಎಂದು ಕೂಗುವುದು ಕೇಳಿಸಿತು.

"ಹೇಳಾಕ ಅಂಜಿಕಿ ಇತ್ರಿ," ಎಂದ ಅವನು. "ಸೂಜಿಗಿಂತ ಹೆಚ್ಚಿಗಿ ಅಂಜಿಕಿ. ಇವತ್ತ ನಿಮ್ಮ ಕಾಗದ ನೋಡಿದೆ. ಇನ್ನ ಮ್ಯಾಡಂ ಸೂಜಿ ಹಾಕಿ ಕೈ ಬಿಡ್ತಾರ ಅನಿಸ್ತು. ಆದ್ರೂ ಆಗಲಿ, ಸೂಜಿ ನೆವದಿಂದಾದ್ರೂ ಈ ಕುರ್ಚಿ ತಪ್ಪಬಾರದು ಅಂತ ಕೂತೀನಿ. ನೀವಂದ್ರ ನನಗ ಜೀವ ಅದ್ರಿ. ಹಾಕ್ರಿ ಇನ್ನ."

ಶೀತಲ ಸೂಜಿಯನ್ನು ನೋಡಿದಳು, ಅವನ ಬೆವರನ್ನು ನೋಡಿದಳು. ಸೂಜಿಯನ್ನು ಡಬ್ಬಿಗೆ ಹಾಕಿದಳು.

"ಧರ್ಮರಾಜ, ಇವತ್ತಿನಿಂದ ನೀವು ನನ್ನ ಪೇಶಂಟ್ ಅಲ್ಲ."

ಅವನು ಕಣ್ಣು ಬಿಟ್ಟ. ಆ ಮುಖ ಒಮ್ಮೆಲೇ ಬಾಡಿಹೋಯಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳತೊಡಗಿದ. "ಬರಬ್ಯಾಡ ಅಂತೀರೇನ್ರಿ?"

"ಪೇಶಂಟ್ ಆಗಿ ಬರಬ್ಯಾಡ್ರಿ. ನೋಂದಣಿ ಆದಾಕಿ ನಾ. ಪೇಶಂಟಿನ ಮ್ಯಾಲ ಮನಸ್ಸಿಡೂದು ನನಗ ಶೋಭಿಸೂದಿಲ್ಲ." ಹಿಂದೆ ಸರಿಯುತ್ತಿದ್ದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಎಲ್ಲಿಯೂ ಒತ್ತಲಿಲ್ಲ, ಹಿಡಿದಳು ಅಷ್ಟೇ. "ಅದಕ್ಕ ಮೊದಲ ನಿಮ್ಮನ್ನ ಬಿಡುಗಡಿ ಮಾಡೀನಿ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದಾಗ ಆ ಮಗುವಿನ ಕಣ್ಣು ತುಂಬಿ ಬಂತು.

"ಶೀತಲ," ಎಂದ. ಮ್ಯಾಡಂ ಎನ್ನುವುದನ್ನು ಈ ಸಲ ಮರೆತಿದ್ದ.

"ಹೂಂ?"

"ಏನಿಲ್ಲ. ಸುಮ್ಮ ಕರದೆ."

ಇಂದುಬಾಯಿ, ಯಮುನಾಬಾಯಿ ಪ್ರಸಾದ ಹಿಡಿದುಕೊಂಡು ಮೆಟ್ಟಿಲು ಹತ್ತುವ ಸದ್ದು ಕೇಳಿತು. ಇಬ್ಬರೂ ಕೈ ಬಿಡಲಿಲ್ಲ.