ಗೋಡೆ ಸೇರಿದ ಸುಭದ್ರೆ

ಚಿಕ್ಕಂದಿನಲ್ಲಿ ಹಡಗಲಿಯ ತೋಟದಲ್ಲಿ ಮೊಗ್ಗು ಬಿಡಿಸುವಾಗ ಬೆರಳಿಗೆ ಅಂಟುತ್ತಿದ್ದ ಮಲ್ಲಿಗೆಯ ವಾಸನೆ ಭರಮಮ್ಮನಿಗೆ ಈಗಲೂ ನೆನಪಿತ್ತು. ಅದನ್ನು ಕೆಡಿಸಿದ್ದು ಒಂದು ಫೋಟೊ. ಗಂಡ ಏಕಾಂತಪ್ಪ ಮದುವೆಗೆ ಮೊದಲು ಊರ ನಾಟಕದಲ್ಲಿ ಅರ್ಜುನನಾಗಿದ್ದ. ಪಕ್ಕದಲ್ಲಿ ಹೊರಗಿನಿಂದ ಕರೆಸಿದ ನಾಯಕಿ, ಜಡೆ ತುಂಬ ಮಲ್ಲಿಗೆ. ಮೂವತ್ತು ವರ್ಷ ಅದು ಟ್ರಂಕಿನ ತಳದಲ್ಲಿತ್ತು. ತೊಂಬತ್ತೆಂಟನೇ ಇಸವಿಯಲ್ಲಿ ಕೂಡ್ಲಿಗಿಯ ಅವರ ಮಣ್ಣಿನ ಮನೆಗೆ ಸಿಮೆಂಟು ಬಂತು, ಏಕಾಂತಪ್ಪನಿಗೆ ಹುರುಪು ಬಂತು.

"ಪಡಸಾಲಿಯೊಳಗ ಎದುರಿಗೇ ಹಾಕೋಣ. ಬೀಗರು ನೋಡ್ಲಿ."

"ಆಕಿ ಯಾರಂತ ಕೇಳಿದ್ರ?"

"ಸುಭದ್ರಿ ಅಂತೀನಿ."

"ಹಂಗಾದ್ರ ನಾ ಯಾರ್ರಿ?"

ಬೀಗರ ಕಣ್ಣಿಗೆ ಆ ಫೋಟೊ ಬೀಳಬಾರದೆಂದು ಭರಮಮ್ಮ ಅಂದೇ ತೀರ್ಮಾನಿಸಿದಳು. ಸುಟ್ಟರೆ ಪಾಪ. ಬಾವಿಗೆ ಹಾಕಿದರೆ ಮರದ ಕಟ್ಟು ತೇಲುತ್ತದೆ. ಗೋಡೆ ಮಾತ್ರ ಬಾಯಿ ಬಿಡುವುದಿಲ್ಲ. ಅಡುಗೆಮನೆಯ ದೀಪದ ಗೂಡನ್ನು ಆ ದಿನವೇ ಮುಚ್ಚುವುದಿತ್ತು. ಫೋಟೊವನ್ನು ಹಳೆಯ ಕುಪ್ಪಸದಲ್ಲಿ ಸುತ್ತಿ ಮಸಿಗತ್ತಲೊಳಗೆ ತುರುಕಿದಳು.

ಗೌಂಡಿ ಹಸನ್ ಸಾಬ್ ಕರಣಿ ಹಿಡಿದವನು ತಡೆದು ನಿಂತ. "ಯಕ್ಕಾ, ಒಳಗ ಗುಬ್ಬಿ ಗೂಡೇನಾರ ಐತೇನು? ಇದ್ರ ಮೊದ್ಲು ಎತ್ತಿಡ್ತೀನಿ."

"ಇಲಿ ಬರಬಾರದಂತ ಅರಿವಿ ತುರುಕೀನ್ರಿ. ಮುಚ್ಚಿಬಿಡ್ರಿ."

ಸಿಮೆಂಟು ಒಣಗುವವರೆಗೂ ಅಲ್ಲೇ ಕಾವಲಿದ್ದಳು. ಸಂಜೆ ಗಂಡ ಟ್ರಂಕು ತಡಕಾಡಿದಾಗ ಅವನಿಗಿಂತ ಜೋರಾಗಿ ತಾನೇ ಹುಡುಕಿದಳು. ಅವನು ಉಣ್ಣದೆ ಮಲಗಿದ್ದು ಕಂಡು ಕರುಳು ಚುರ್ ಎಂದಿತು; ನಾಳೆ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕಿದರಾಯಿತೆಂದು ತನ್ನನ್ನು ಕ್ಷಮಿಸಿಕೊಂಡಳು.

ಮರುದಿನ ಮಧ್ಯಾಹ್ನ, ಹಿತ್ತಲ ಒಲೆಯ ಮುಂದೆ ಅವಳು ತಟ್ಟೆಗೆ ಬಡಿಸುತ್ತಿದ್ದಾಗ ಏಕಾಂತಪ್ಪ ಬಂದು ನಿಂತ. ಕಂಕುಳಲ್ಲಿ ಅವಳದೇ ಕುಪ್ಪಸದ ಗಂಟು. "ನಡುಮನಿ ಕ್ಯಾಲೆಂಡರ್ ಹಿಂದ ಸಿಕ್ತು," ಎಂದ. ಕರೆಂಟಿಲ್ಲದ ಕಾಲದಲ್ಲಿ ಒಂದೇ ಹಣತೆ ಎರಡು ಕೋಣೆಗೆ ಬೆಳಕಾಗಲೆಂದು ಹಿರಿಯರು ಆ ಗೂಡನ್ನು ಆರಪಾರ ಬಿಟ್ಟಿದ್ದರು. ಅವಳು ಸೊಸೆಯಾಗಿ ಬರುವ ಮೊದಲೇ ನಡುವೆ ಹಲಗೆ ನಿಲ್ಲಿಸಿ, ನಡುಮನೆಯ ಬದಿಗೆ ಕ್ಯಾಲೆಂಡರ್ ತೂಗುಹಾಕಿದ್ದರು. ಮಸಿ ಹಿಡಿದ ಆ ಹಲಗೆಯನ್ನೇ ಅವಳು ಗೋಡೆ ಎಂದುಕೊಂಡಿದ್ದಳು, ಅದು ಅವಳು ತುರುಕಿದ ರಭಸಕ್ಕೆ ಆಚೆ ಬಿದ್ದಿತ್ತು. ಆದರೂ ಭರಮಮ್ಮನ ನಾಲಿಗೆ ಬೇಗ ಚೇತರಿಸಿಕೊಂಡಿತು: "ಕ್ಯಾಲೆಂಡರ್ ಹಿಂದ ನಿಮಗೇನ್ರಿ ಕೆಲಸ?" ಏಕಾಂತಪ್ಪನ ಮುಷ್ಟಿ ಕಟ್ಟಿದ ಬಲಗೈ ಸರ್ರನೆ ಬೆನ್ನ ಹಿಂದೆ ಹೋಯಿತು. ತಂಬಾಕು ಮುಟ್ಟುವುದಿಲ್ಲವೆಂದು ಅವನು ಅವಳ ತಲೆ ಮುಟ್ಟಿ ಆಣೆ ಮಾಡಿ ವರ್ಷವಾಗಿತ್ತು. ಭರಮಮ್ಮ ಆ ಬೆನ್ನ ಹಿಂದಿನ ಕೈಯತ್ತ ನೋಡಿ, ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ, ಅಂಚಿನವರೆಗೆ ಸಾರು, ಎರಡೂ ಕೈ ಹಚ್ಚದೆ ಹಿಡಿಯಲಾಗದಷ್ಟು ತುಂಬಿದ ತಟ್ಟೆಯನ್ನು ಅವನ ಮುಂದೆ ಚಾಚಿದಳು.